ಜೋ ಬ್ರೂಕ್ಸ್

ಜೋ ಬ್ರೂಕ್ಸ್ (1901–1972) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಗಾಳಗಾರ ಮತ್ತು ಬರಹಗಾರ. ಕೃತಕ ನೊಣವನ್ನು ಬಳಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್ ಕಲೆಯನ್ನು ಹೊಳೆ ತೊರೆಗಳಿಂದ ಸಮುದ್ರತೀರಕ್ಕೆ ವಿಸ್ತರಿಸಿದವರಲ್ಲಿ ಇವರು ಪ್ರಮುಖರು. 1948ರಲ್ಲಿ ಒರೆಗಾನ್ ರಾಜ್ಯದ ಕೂಸ್ ಬೇ ಎಂಬಲ್ಲಿ ಇವರು ಈ ವಿಧಾನದಿಂದ 29 ಪೌಂಡ್ 6 ಔನ್ಸ್ (ಸುಮಾರು 13.3 ಕಿಲೋಗ್ರಾಂ) ತೂಕದ ಸ್ಟ್ರೈಪ್ಡ್ ಬಾಸ್ ಮೀನನ್ನು ಹಿಡಿದು ವಿಶ್ವದಾಖಲೆ ಸ್ಥಾಪಿಸಿದರು.

ಆರಂಭಿಕ ಜೀವನ

ಬ್ರೂಕ್ಸ್ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ ಜನಿಸಿದರು. ಕುಟುಂಬದ ವಿಮಾ ವ್ಯವಹಾರದಲ್ಲಿ ಕೆಲಸ ಮಾಡುತ್ತಿದ್ದ ಇವರು ಉತ್ತಮ ಕ್ರೀಡಾಪಟುವೂ ಆಗಿದ್ದರು. ಆದರೆ ಯೌವನದಲ್ಲಿ ಅಂಟಿಕೊಂಡ ಮದ್ಯವ್ಯಸನ ಇವರ ಉದ್ಯೋಗಕ್ಕೂ ದಾಂಪತ್ಯಕ್ಕೂ ಮುಳುವಾಯಿತು. ಆ ಚಟದಿಂದ ಹೊರಬಂದ ಬಳಿಕವೇ ಇವರು ಬರವಣಿಗೆಯನ್ನು ವೃತ್ತಿಯಾಗಿ ಕೈಗೊಂಡರು. ಮೊದಲ ಪುಸ್ತಕ ಪ್ರಕಟವಾದಾಗ ವಯಸ್ಸು ನಲವತ್ತು ದಾಟಿತ್ತು. ಇವರ ಹೆಸರಿನೊಡನೆ ಇಂದು ನೆನಪಾಗುವ ಸಾಧನೆಗಳೆಲ್ಲ ಬಹುತೇಕ ಈ ಉತ್ತರಾರ್ಧಕ್ಕೆ ಸೇರಿದವು. ಮುಂದಿನ ಪ್ರವಾಸಗಳಲ್ಲಿ ಪತ್ನಿ ಮೇರಿ ಜೊತೆಗಿರುತ್ತಿದ್ದರು.

ಸ್ಟ್ರೈಪ್ಡ್ ಬಾಸ್ ಮತ್ತು 1948ರ ದಾಖಲೆ

ಬೆಳ್ಳಿಬಣ್ಣದ ಮೈಮೇಲೆ ಏಳೆಂಟು ಕಪ್ಪು ಗೆರೆಗಳಿರುವ ಸ್ಟ್ರೈಪ್ಡ್ ಬಾಸ್ ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮೀನು. ಮೇರಿಲ್ಯಾಂಡಿನಲ್ಲಿ ಇದನ್ನು ರಾಕ್‌ಫಿಶ್ ಎಂದು ಕರೆಯುತ್ತಾರೆ. ವಸಂತದಲ್ಲಿ ಚೆಸಾಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿಯೂ ಹಡ್ಸನ್ ನದಿಯಲ್ಲಿಯೂ ಮೊಟ್ಟೆಯಿಟ್ಟ ದೊಡ್ಡ ಮೀನುಗಳು ಬೇಸಿಗೆಗೆ ಉತ್ತರದ ನ್ಯೂ ಇಂಗ್ಲೆಂಡ್ ತೀರಕ್ಕೆ ಸಾಗಿ, ಶರತ್ಕಾಲದಲ್ಲಿ ಹಿಂದಿರುಗುತ್ತವೆ. ಬೇಸಿಗೆಯ ಹಗಲಿನಲ್ಲಿ ತಂಪಾದ ಆಳಕ್ಕಿಳಿಯುವ ಇವು ಮುಂಜಾನೆ, ಮುಸ್ಸಂಜೆ ಮತ್ತು ರಾತ್ರಿ ಸಣ್ಣ ಮೀನುಗಳನ್ನು ಅಟ್ಟಿಕೊಂಡು ದಡದ ಬಳಿಗೆ ಬರುತ್ತವೆ. ಗಾಳಗಾರರು ಕಾಯುವುದು ಈ ಹೊತ್ತಿಗೆ. ಉಬ್ಬರವಿಳಿತದ ಸೆಳೆತವಿದ್ದರೆ ಇನ್ನೂ ಒಳ್ಳೆಯದು.

ಮರ ಅಥವಾ ಲೋಹದ ಕೃತಕ ಎರೆಯನ್ನು ಎಸೆಯುವಾಗ ಎರೆಯ ಭಾರವೇ ದಾರವನ್ನು ಮುಂದಕ್ಕೆ ಎಳೆದೊಯ್ಯುತ್ತದೆ. ಗರಿ ಮತ್ತು ಕೂದಲಿನಿಂದ ಕಟ್ಟಿದ ಕೃತಕ ನೊಣಕ್ಕೆ ಆ ಭಾರವಿಲ್ಲ. ಆದ್ದರಿಂದ ಇಲ್ಲಿ ದಪ್ಪನಾದ ದಾರವನ್ನೇ ಗಾಳಿಯಲ್ಲಿ ಬೀಸಿ ಎಸೆಯಬೇಕಾಗುತ್ತದೆ. ಕಡಲ ಗಾಳಿಗೆ ಎದುರಾಗಿ ಹೀಗೆ ಎಸೆಯುವುದು ಸುಲಭವಲ್ಲ. ಕಚ್ಚಿದ ಮೀನು ಒಂದೇ ಓಟಕ್ಕೆ ದಾರವನ್ನೆಲ್ಲ ಎಳೆದೊಯ್ಯಬಲ್ಲದಾದ್ದರಿಂದ ರೀಲಿನಲ್ಲಿ ಹೆಚ್ಚುವರಿ ದಾರವೂ ಇರಬೇಕು. ಟ್ರೌಟ್ ಮೀನಿಗಾಗಿ ರೂಪುಗೊಂಡ ಹಗುರ ಸಲಕರಣೆ ಸಮುದ್ರಕ್ಕೆ ಸಾಲದೆಂಬ ಅಭಿಪ್ರಾಯ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಬ್ರೂಕ್ಸರ ದಾಖಲೆಯ ಮಹತ್ವವಿರುವುದು ಇಲ್ಲಿಯೇ. ಇವರು ಬಳಸಿದ್ದು ನೀರಿನ ಮೇಲೆ ತೇಲುತ್ತ ಸದ್ದುಮಾಡುವ ಪಾಪಿಂಗ್ ಬಗ್.

ಅಟ್ಲಾಂಟಿಕ್ ತೀರದಲ್ಲಿ ಬೆಳೆದ ಬ್ರೂಕ್ಸರಿಗೆ ಅಲ್ಲಿನದೇ ಮೀನು ದಾಖಲೆ ತಂದುಕೊಟ್ಟದ್ದು ಪೆಸಿಫಿಕ್ ತೀರದಲ್ಲಿ. 1879ರಲ್ಲಿ ನ್ಯೂ ಜೆರ್ಸಿಯಿಂದ ರೈಲಿನಲ್ಲಿ ಒಯ್ದ ನೂರಕ್ಕೂ ಹೆಚ್ಚು ಮರಿಗಳನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಬಿಡಲಾಗಿತ್ತು. ಅವುಗಳ ಸಂತತಿ ಕ್ರಮೇಣ ಒರೆಗಾನ್‌ವರೆಗೆ ಹರಡಿತ್ತು. 1966ರಲ್ಲಿ ಚಿತ್ರಕಾರ ರಸೆಲ್ ಚ್ಯಾಥಮ್ ಅದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 36 ಪೌಂಡ್ 6 ಔನ್ಸ್ ತೂಕದ ಮೀನನ್ನು ಹಿಡಿದು ಈ ದಾಖಲೆಯನ್ನು ಮುರಿದರು.

ಬರವಣಿಗೆ ಮತ್ತು ಪ್ರಭಾವ

1950ರಲ್ಲಿ ಪ್ರಕಟವಾದ 'ಸಾಲ್ಟ್ ವಾಟರ್ ಫ್ಲೈ ಫಿಶಿಂಗ್' ಈ ವಿಷಯವನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ ಆರಂಭಿಕ ಕೃತಿಗಳಲ್ಲೊಂದು. ಎರಡು ಗೊಂಚಲು ಕೂದಲನ್ನು ಹಿಂದೊಂದು ಮುಂದೊಂದು ಕಟ್ಟಿದ 'ಬ್ಲಾಂಡ್' ಮಾದರಿಯ ನೊಣಗಳನ್ನೂ ಇವರು ಜನಪ್ರಿಯಗೊಳಿಸಿದರು. 'ಔಟ್‌ಡೋರ್ ಲೈಫ್' ಪತ್ರಿಕೆಯ ಮೀನುಗಾರಿಕೆ ವಿಭಾಗದ ಸಂಪಾದಕರಾಗಿದ್ದರು. ದೂರದರ್ಶನದ 'ದಿ ಅಮೆರಿಕನ್ ಸ್ಪೋರ್ಟ್ಸ್‌ಮನ್' ಕಾರ್ಯಕ್ರಮದಲ್ಲಿಯೂ ಕಾಣಿಸಿಕೊಂಡರು.

ಇವರನ್ನು ಕಡಲ ಫ್ಲೈ ಫಿಶಿಂಗ್‌ನ ಜನಕರೆಂದು ಕರೆಯುವುದುಂಟು. ಇದು ಪೂರ್ಣವಾಗಿ ಸರಿಯಲ್ಲ. ಸ್ಟ್ರೈಪ್ಡ್ ಬಾಸ್‌ಗೆ ಕೃತಕ ನೊಣ ಎಸೆಯುವ ರೂಢಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇತ್ತು. 1940ರ ದಶಕದಲ್ಲಿ ರೋಡ್ ಐಲೆಂಡಿನ ಹೆರಾಲ್ಡ್ ಗಿಬ್ಸ್ ಈ ಮೀನಿಗೆಂದೇ ನೊಣವೊಂದನ್ನು ರೂಪಿಸಿದ್ದರು. ಕೆಲವರ ಹವ್ಯಾಸವಾಗಿದ್ದುದನ್ನು ಬಹುಜನರಿಗೆ ಕಲಿಸಿದ್ದು ಬ್ರೂಕ್ಸರ ಕೊಡುಗೆ.

ಹಾಗೆ ಕಲಿತವರಲ್ಲಿ ಲೆಫ್ಟಿ ಕ್ರೇ ಹೆಸರಾಂತರು. 1947ರಲ್ಲಿ ಪೊಟೋಮ್ಯಾಕ್ ನದಿಯಲ್ಲಿ ಬ್ರೂಕ್ಸ್ ಮೀನು ಹಿಡಿಯುವುದನ್ನು ಕಂಡು ಕ್ರೇ ಈ ವಿಧಾನಕ್ಕೆ ಮಾರುಹೋದರು. ಮರುದಿನವೇ ಬಾಲ್ಟಿಮೋರಿನ ಅಂಗಡಿಯೊಂದರಲ್ಲಿ ಅವರಿಗೆ ಸಲಕರಣೆ ಆರಿಸಿಕೊಟ್ಟವರೂ ಬ್ರೂಕ್ಸರೇ. ಮುಂದೆ ಕ್ರೇ ಚೆಸಾಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್‌ಗಾಗಿ ರೂಪಿಸಿದ 'ಲೆಫ್ಟೀಸ್ ಡಿಸೀವರ್' ಎಂಬ ನೊಣದ ಚಿತ್ರ 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಮುದ್ರಣಗೊಂಡಿತು.

ನಿಧನ

'ಟ್ರೌಟ್ ಫಿಶಿಂಗ್' ಕೃತಿ ಪ್ರಕಟವಾದ 1972ರಲ್ಲಿಯೇ ಬ್ರೂಕ್ಸ್ ನಿಧನರಾದರು. ಅವರ ಸಮಾಧಿ ಮೊಂಟಾನಾ ರಾಜ್ಯದ ಪ್ಯಾರಡೈಸ್ ಕಣಿವೆಯಲ್ಲಿದೆ.