ಕೆಪ್ಲರನ ಕನಸು

ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆಂದು ಸಾಧಿಸಿ ತೋರಿಸಿದವನು ಯೋಹಾನ್ನೆಸ್ ಕೆಪ್ಲರ್ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆತನು ಒಂದು ಕಥೆಯನ್ನೂ ಬರೆದನೆಂಬುದನ್ನು ಬಲ್ಲವರು ವಿರಳ. ಲ್ಯಾಟಿನ್ ಭಾಷೆಯ ಆ ಕಿರುಗ್ರಂಥದ ಹೆಸರು ‘ಸೋಮ್ನಿಯಂ’, ಎಂದರೆ ಕನಸು. ಅದರಲ್ಲಿ ಗಿಡಮೂಲಿಕೆ ಮಾರುವ ಒಬ್ಬ ಮಂತ್ರಗಾತಿ ಇದ್ದಾಳೆ. ಅವಳ ಕರೆಗೆ ಓಗೊಡುವ ಅಶರೀರ ಚೇತನಗಳಿವೆ. ಚಂದ್ರನ ಗುಹೆಗಳಲ್ಲಿ ಅಡಗಿ ಬಾಳುವ ಸರ್ಪಾಕಾರದ ಜೀವಿಗಳಿವೆ. ಅಜ್ಜಿಕಥೆಯ ಈ ಹಳೆಯ ಸಂತತಿಯನ್ನು ಭೂಮಿಯಿಂದೆತ್ತಿ ಆಕಾಶಕ್ಕೆ ಒಯ್ದು, ಅಲ್ಲಿಯ ನಿಯಮಗಳಿಗೆ ಅಧೀನಗೊಳಿಸಿದವರಲ್ಲಿ ಕೆಪ್ಲರನು ಅಗ್ರಗಣ್ಯನು. ಆ ಸಾಹಸಕ್ಕಾಗಿ ಆತನು ಪಟ್ಟ ಪಾಡು ಸಣ್ಣದಲ್ಲ. ಆದುದರಿಂದಲೇ ಆತನ ಬಾಳನ್ನು ಈ ಕಥೆಯ ಕಿಂಡಿಯಿಂದ ನೋಡಬೇಕೆಂದು ನನ್ನ ಬಯಕೆ.

ಕೆಪ್ಲರನು ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ಜರ್ಮನಿಯ ವೈಲ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಹೈನ್ರಿಕ್ ಹಣಕ್ಕಾಗಿ ಪರರ ಸೈನ್ಯಗಳಲ್ಲಿ ಕಾದುವ ಸಿಪಾಯಿ. ಮನೆಯಲ್ಲಿದ್ದುದಕ್ಕಿಂತ ಇಲ್ಲದಿದ್ದುದೇ ಹೆಚ್ಚು. ಕೊನೆಗೊಮ್ಮೆ ಹೋದವನು ಮರಳಿ ಬರಲೇ ಇಲ್ಲ. ತಾಯಿ ಕಥರೀನಾ ಒಬ್ಬ ಛತ್ರದವನ ಮಗಳು. ಬೇರು ನಾರುಗಳ ಗುಣವನ್ನು ಬಲ್ಲವಳು, ಮಾತಿನಲ್ಲಿ ತುಸು ಬಿರುಸು. ಸಿಡುಬು ತಗುಲಿ ಬಾಲಕನ ದೃಷ್ಟಿ ಮಂದವಾಯಿತು. 1577ರಲ್ಲಿ ಧೂಮಕೇತುವೊಂದು ಕಾಣಿಸಿಕೊಂಡಾಗ ಆರು ವರ್ಷವೂ ತುಂಬದ ಮಗನನ್ನು ಎತ್ತರದ ಸ್ಥಳಕ್ಕೆ ಕರೆದೊಯ್ದು ಅದನ್ನು ತೋರಿಸಿದವಳು ಈ ತಾಯಿಯೇ. ಮುಂದೆ ಆಕಾಶದ ಗಣಿತವನ್ನು ಬದಲಿಸಲಿದ್ದವನಿಗೆ ಆಕಾಶದತ್ತ ಮೊದಲು ಬೆರಳು ತೋರಿದವಳು ಶಾಸ್ತ್ರ ಕಲಿಯದ ಒಬ್ಬ ಹೆಂಗಸೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಬಡತನದಲ್ಲಿಯೂ ಹುಡುಗನ ಬುದ್ಧಿ ಬೆಳಗಿತು. ವಿದ್ಯಾರ್ಥಿವೇತನದ ಬಲದಿಂದ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವನ್ನು ಸೇರಿ, ಮೆಸ್ಟ್ಲಿನ್ ಎಂಬ ಗುರುವಿನಿಂದ ಕೊಪರ್ನಿಕಸನ ಸಿದ್ಧಾಂತವನ್ನು ಕಲಿತನು. ಭೂಮಿ ಚಲಿಸುವುದಾದರೆ ನಮಗೆ ಅದೇಕೆ ತಿಳಿಯದು ಎಂಬುದು ಆ ಕಾಲದ ದೊಡ್ಡ ಆಕ್ಷೇಪ. ಕೆಪ್ಲರನು ಇದಕ್ಕೆ ಒಂದು ಜಾಣ ಉತ್ತರವನ್ನು ಹುಡುಕಿದನು. ಚಂದ್ರನು ಚಲಿಸುವುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಚಂದ್ರನ ಮೇಲೆ ನಿಂತವನಿಗೆ ತನ್ನ ನೆಲ ನಿಶ್ಚಲವಾಗಿಯೇ ತೋರುವುದು, ನಮ್ಮ ಭೂಮಿಯೇ ಅವನ ಬಾನಿನಲ್ಲಿ ತಿರುಗುವಂತೆ ಕಾಣುವುದು. 1593ರಲ್ಲಿ ಈ ವಿಷಯವನ್ನು ಕುರಿತು ಆತನು ಒಂದು ವಾದಪ್ರಬಂಧವನ್ನು ಸಿದ್ಧಪಡಿಸಿದನು. ಪ್ರಾಧ್ಯಾಪಕರು ಅದನ್ನು ಸಭೆಯಲ್ಲಿ ಮಂಡಿಸಲು ಅವಕಾಶವೀಯಲಿಲ್ಲ. ವಾದವಾಗಿ ಹೊರಬರಲಾರದ ವಿಚಾರ ಹದಿನಾರು ವರ್ಷಗಳ ಮೇಲೆ ಕಥೆಯಾಗಿ ಹೊರಬಂದಿತು.

ಈ ನಡುವಣ ಕಾಲ ಆತನ ಸಾಧನೆಯ ಕಾಲ. ಗ್ರಾಟ್ಸ್ ನಗರದಲ್ಲಿ ಗಣಿತದ ಉಪಾಧ್ಯಾಯನಾಗಿ, 1600ರಲ್ಲಿ ಪ್ರಾಗ್ ನಗರದ ಸಮೀಪ ಟೈಕೊ ಬ್ರಾಹೆಯ ಸಹಾಯಕನಾಗಿ, ಮರುವರ್ಷ ಟೈಕೊ ಗತಿಸಲು ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನ ಗಣಿತಜ್ಞನಾಗಿ ಕೆಪ್ಲರನು ಮೇಲೇರಿದನು. ಮಂಗಳಗ್ರಹದೊಡನೆ ವರ್ಷಗಟ್ಟಲೆ ಹೋರಾಡಿ ಕಂಡುಕೊಂಡ ಮೊದಲೆರಡು ನಿಯಮಗಳು 1609ರ ‘ಆಸ್ಟ್ರೋನೋಮಿಯಾ ನೋವಾ’ದಲ್ಲಿ ಪ್ರಕಟವಾದವು. ಕನಸಿನ ಕಥೆಯನ್ನು ಬರೆದುದೂ ಅದೇ ವರ್ಷ.

ಕಥೆ ಐಸ್‌ಲೆಂಡಿನಲ್ಲಿ ಮೊದಲಾಗುತ್ತದೆ. ಮಂತ್ರಗಾತಿ ಫಿಯೋಲ್ಕ್ಸ್‌ಹಿಲ್ಡೆ ಮೂಲಿಕೆ ತುಂಬಿದ ಚೀಲಗಳನ್ನು ನಾವಿಕರಿಗೆ ಮಾರುತ್ತಾಳೆ. ಮಗ ಡ್ಯುರಾಕೋಟಸ್ ಕುತೂಹಲದಿಂದ ಒಂದು ಚೀಲವನ್ನು ಸೀಳುತ್ತಾನೆ. ಸಿಟ್ಟಿಗೆದ್ದ ತಾಯಿ ಅವನನ್ನೇ ಹಡಗಿನ ಯಜಮಾನನಿಗೆ ಮಾರಿಬಿಡುತ್ತಾಳೆ. ಹುಡುಗನು ಹ್ವೇನ್ ದ್ವೀಪದಲ್ಲಿ ಟೈಕೊ ಬ್ರಾಹೆಯ ಬಳಿ ಖಗೋಳಶಾಸ್ತ್ರವನ್ನು ಕಲಿತು ವರ್ಷಗಳ ಮೇಲೆ ಮನೆಗೆ ಮರಳಿದಾಗ, ಪಶ್ಚಾತ್ತಾಪದಲ್ಲಿ ಬೆಂದಿದ್ದ ತಾಯಿ ಹಿಗ್ಗುತ್ತಾಳೆ. ಅವನು ಕಲಿತುದನ್ನು ತಾನೂ ಬಲ್ಲೆನೆಂದೂ, ತನ್ನ ಗುರು ಒಂದು ಚೇತನವೆಂದೂ ತಿಳಿಸುತ್ತಾಳೆ. ತಾಯಿಮಕ್ಕಳು ಮುಸುಕು ಹಾಕಿ ಕುಳಿತಾಗ ಚಂದ್ರಲೋಕದ ವಾಣಿ ಕೇಳಿಸುತ್ತದೆ.

ಈ ಚೇತನಕ್ಕೆ ಕೆಪ್ಲರನು ಬಳಸಿದ ಶಬ್ದ ಡೀಮನ್. ನಮ್ಮ ನುಡಿಯಲ್ಲಿ ಅದಕ್ಕೆ ದೆವ್ವ ಎನ್ನುವುದಕ್ಕಿಂತ ಯಕ್ಷ ಎನ್ನುವುದೇ ಮೇಲೆಂದು ನನಗೆ ತೋರುತ್ತದೆ. ಈ ಯಕ್ಷರು ಬೆಳಕನ್ನು ಸಹಿಸರು. ಆದುದರಿಂದ ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಚಂದ್ರನನ್ನು ಮುಟ್ಟಿದಾಗ, ಆ ನೆರಳಿನ ದಾರಿಯಲ್ಲಿಯೇ ಸಂಚರಿಸಬೇಕು. ಗ್ರಹಣ ಮುಗಿಯುವುದರೊಳಗೆ, ಹೆಚ್ಚೆಂದರೆ ನಾಲ್ಕು ಗಂಟೆಗಳಲ್ಲಿ, ಪಯಣ ತೀರಬೇಕು. ದೂರ 50,000 ಜರ್ಮನ್ ಮೈಲಿಗಳು. ಇಂದಿನ ಅಳತೆಯಲ್ಲಿ ಸುಮಾರು 3,70,000 ಕಿಲೋಮೀಟರು. ಚಂದ್ರನ ನಿಜವಾದ ಸರಾಸರಿ ದೂರ 3,84,000 ಕಿಲೋಮೀಟರು ಎಂಬುದನ್ನು ನೆನೆದರೆ ಈ ಲೆಕ್ಕದ ಬೆಲೆ ತಿಳಿದೀತು. ಹಳೆಯ ಕಥೆಗಳ ಯಕ್ಷನು ಮನಬಂದಂತೆ ಹಾರುತ್ತಿದ್ದನು. ಕೆಪ್ಲರನ ಯಕ್ಷನು ಪಂಚಾಂಗವನ್ನು ನೋಡಿಯೇ ಹೊರಡಬೇಕು.

ಪಯಣಿಗರ ಪಾಡೂ ಹೀಗೆಯೇ. ದಪ್ಪ ಮೈಯವರು ಸಲ್ಲರು. ಇರುಳಿನಲ್ಲಿ ಹೋತವನ್ನೋ ಕವೆಗೋಲನ್ನೋ ಏರಿ ತಿರುಗಿ ಬಲಿತ, ಒಣಗಿದ ಮುದುಕಿಯರೇ ಲೇಸು! ನೆಲ ಬಿಡುವಾಗಿನ ಆಘಾತ ಸಿಡಿಮದ್ದಿನ ಹೊಡೆತದಂತೆ. ಆದಕಾರಣ ಪಯಣಿಗರಿಗೆ ಅಫೀಮು ಕೊಟ್ಟು, ಕೈಕಾಲುಗಳನ್ನು ಜೋಡಿಸಿ ಕೂರಿಸಬೇಕು. ದಾರಿಯ ಚಳಿ ಘೋರ, ಉಸಿರಾಟ ದುಸ್ತರ. ಮೂಗಿಗೆ ನೆನೆದ ಸ್ಪಂಜನ್ನು ಹಿಡಿಯಬೇಕು. ಬಹುದೂರ ಸಾಗಿದ ಮೇಲೆ ತಳ್ಳುವ ಅಗತ್ಯವಿಲ್ಲ. ದೇಹ ತಾನೇ ತೇಲಿ ಸಾಗುವುದು. ಭೂಮಿಯ ಸೆಳೆತವೂ ಚಂದ್ರನ ಸೆಳೆತವೂ ಒಂದನ್ನೊಂದು ಸರಿದೂಗುವ ತಾಣವೊಂದಿದೆಯೆಂದು ಆತನು ಟಿಪ್ಪಣಿಗಳಲ್ಲಿ ವಿವರಿಸಿದನು. ಆಗಿನ್ನೂ ನ್ಯೂಟನ್ ಹುಟ್ಟಿರಲಿಲ್ಲ.

ಚಂದ್ರನಿಗೆ ಆತನಿಟ್ಟ ಹೆಸರು ಲೆವಾನಿಯಾ. ಅದು ಹೀಬ್ರೂ ಮಾತಿನಿಂದ ಬಂದುದು. ಅಲ್ಲಿಯವರು ನಮ್ಮ ಭೂಮಿಯನ್ನು ವೋಲ್ವಾ ಎನ್ನುವರು. ಚಂದ್ರನ ಒಂದು ಅರ್ಧಕ್ಕೆ ವೋಲ್ವಾ ಬಾನಿನಲ್ಲಿ ಮೊಳೆ ಹೊಡೆದಂತೆ ಸದಾ ಕಾಣುವುದು. ನಮಗೆ ಚಂದ್ರನು ತೋರುವುದರ ಹೆಚ್ಚುಕಡಮೆ ನಾಲ್ಕು ಪಟ್ಟು ಅದರ ವ್ಯಾಸ. ಇನ್ನೊಂದು ಅರ್ಧ ಅದನ್ನು ಎಂದೂ ಕಾಣದು. ಹಗಲೊಂದು ನಮ್ಮ ಹದಿನಾಲ್ಕು ದಿನಗಳಷ್ಟು ಉದ್ದ, ಇರುಳೂ ಅಷ್ಟೇ. ಜೀವಿಗಳ ರೂಪ ಈ ಹವೆಗೆ ತಕ್ಕಂತೆ. ಎಲ್ಲವೂ ಬೃಹದಾಕಾರ, ಬೇಗ ಬೆಳೆದು ಬೇಗ ಅಳಿಯುವಂಥವು. ವೋಲ್ವಾ ಕಾಣದ ಕಡೆಯವರಿಗೆ ನೆಲೆಯಾದ ಊರಿಲ್ಲ. ಹಿಂಡುಹಿಂಡಾಗಿ, ಒಂಟೆಯನ್ನು ಮೀರಿಸುವ ಕಾಲುಗಳಿಂದ, ರೆಕ್ಕೆಗಳಿಂದ, ದೋಣಿಗಳಿಂದ ಸರಿಯುವ ನೀರನ್ನು ಹಿಂಬಾಲಿಸುವರು. ಸುಡುವ ಬಿಸಿಲಿಗೆ ಗುಹೆಗಳೇ ಮರೆ. ಪ್ರಾಣಿಯ ಆಕಾರವನ್ನು ಅದು ಬಾಳುವ ನೆಲವೇ ನಿರ್ಣಯಿಸಬೇಕೆಂಬ ಈ ವಿಚಾರವೇ ಕೆಪ್ಲರನು ಹಳೆಯ ಅದ್ಭುತಕಥೆಗೆ ಇತ್ತ ದೊಡ್ಡ ಕೊಡುಗೆ. ಮುಂದೆ 1901ರಲ್ಲಿ ಎಚ್. ಜಿ. ವೆಲ್ಸ್ ಚಂದ್ರನ ಒಡಲಿನ ಗುಹಾವಾಸಿಗಳನ್ನು ಕುರಿತು ಬರೆದಾಗ ತನ್ನ ಕಾದಂಬರಿಯಲ್ಲಿ ಕೆಪ್ಲರನ ಹೆಸರನ್ನು ನೆನೆದದ್ದು ಉಚಿತವೇ ಸರಿ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಪಂಡಿತನ ವಿನೋದವಾಗಿರುತ್ತಿತ್ತು. 1611ರಲ್ಲಿ ಹಸ್ತಪ್ರತಿಯ ಒಂದು ನಕಲು ಪ್ರಾಗ್‌ನಿಂದ ಹೊರಬಿದ್ದು ಟ್ಯೂಬಿಂಗನ್ನಿಗೂ ತಲುಪಿತು. ಆ ವರ್ಷವೇ ಕೆಪ್ಲರನ ಮಡದಿಯೂ ಆರು ವರ್ಷದ ಮಗನೂ ತೀರಿಕೊಂಡರು. ಆತನು ಲಿಂಟ್ಸ್ ನಗರಕ್ಕೆ ನೆಲೆ ಬದಲಿಸಿದ ಮೇಲೆ, 1615ರಲ್ಲಿ, ಲಿಯೊನ್‌ಬರ್ಗ್‌ನಲ್ಲಿದ್ದ ತಾಯಿಯ ಮೇಲೆ ಮಾಟದ ಆರೋಪ ಬಂದಿತು. ಆಕೆ ಕೊಟ್ಟ ಪಾನೀಯದಿಂದ ತನಗೆ ರೋಗ ತಟ್ಟಿತೆಂದು ಒಬ್ಬ ನೆರೆಯವಳ ದೂರು. ಬೇರು ನೆರೆಹೊರೆಯ ಹಗೆಯಲ್ಲಿತ್ತು. ಆದರೆ ತನ್ನ ಕಥೆಯ ಮಂತ್ರಗಾತಿಯ ಸುದ್ದಿ ಕ್ಷೌರದಂಗಡಿಗಳ ಹರಟೆಗೆ ಸಿಕ್ಕಿ ಆ ಬೆಂಕಿಗೆ ಕಿಡಿಯಾಯಿತೆಂದು ಕೆಪ್ಲರನು ನಂಬಿದನು. ಮೂಲಿಕೆ ಬಲ್ಲ ತಾಯಿ, ಟೈಕೊವಿನ ಶಿಷ್ಯನಾದ ಮಗ. ಹೋಲಿಕೆ ಯಾರ ಕಣ್ಣಿಗೂ ಬೀಳುವಂಥದು.

1620ರ ಆಗಸ್ಟಿನಲ್ಲಿ ಎಪ್ಪತ್ತು ದಾಟಿದ ಕಥರೀನಾಳನ್ನು ಸೆರೆಗೆ ಹಾಕಿ ಸಂಕೋಲೆ ತೊಡಿಸಿದರು. ಕೆಪ್ಲರನು ಕೆಲಸಗಳನ್ನೆಲ್ಲ ಬದಿಗಿಟ್ಟು ಲಿಂಟ್ಸಿನಿಂದ ಧಾವಿಸಿದನು. ಮೂರನೆಯ ನಿಯಮವನ್ನು ಒಳಗೊಂಡ ‘ಹಾರ್ಮೊನಿಸೆಸ್ ಮುಂಡಿ’ ಅದರ ಹಿಂದಿನ ವರ್ಷವಷ್ಟೇ ಪ್ರಕಟವಾಗಿತ್ತು. ಗ್ರಹಗಳ ಗತಿಗೆ ಕಾರಣ ಹುಡುಕಿದ ಅದೇ ಬುದ್ಧಿ ಈಗ ಸಾಕ್ಷಿಗಳ ಮಾತನ್ನು ಒಂದೊಂದಾಗಿ ಶೋಧಿಸಿತು. ಯಾವ ಕಾಯಿಲೆಗೆ ಸಹಜವಾದ ಕಾರಣವೇನಿದ್ದೀತೆಂದು ದೀರ್ಘವಾದ ಪ್ರತಿವಾದಪತ್ರದಲ್ಲಿ ವಿವರಿಸಿತು. 1621ರ ಸೆಪ್ಟೆಂಬರಿನಲ್ಲಿ ಚಿತ್ರಹಿಂಸೆಯ ಸಲಕರಣೆಗಳನ್ನು ಮುಂದಿರಿಸಿ ಮುದುಕಿಯನ್ನು ಬೆದರಿಸಿದರು. ಆಕೆ ತಪ್ಪೊಪ್ಪಿಗೆ ನೀಡಲಿಲ್ಲ. ಹದಿನಾಲ್ಕು ತಿಂಗಳ ಸೆರೆಯ ಬಳಿಕ ಬಿಡುಗಡೆಯಾಯಿತು. 1622ರ ಏಪ್ರಿಲಿನಲ್ಲಿ ಆಕೆ ಕಣ್ಮುಚ್ಚಿದಳು.

ಕೆಪ್ಲರನು ಕಥೆಯನ್ನು ಸುಟ್ಟುಬಿಡಲಿಲ್ಲ. ಅದಕ್ಕೆ ಟಿಪ್ಪಣಿಗಳನ್ನು ಬರೆಯತೊಡಗಿದನು. ಅವು ಬೆಳೆದು 223 ಆಗಿ ಕಥೆಯನ್ನೇ ಮೀರಿಸಿದವು. ಯಕ್ಷನೆಂದರೆ ಜ್ಞಾನವೆಂದೂ, ಡೀಮನ್ ಶಬ್ದಕ್ಕೆ ಗ್ರೀಕಿನಲ್ಲಿ ಅರಿವೆಂಬುದೇ ಮೂಲವೆಂದೂ ತಿಳಿಸಿದನು. ತಾಯಿಯೆಂದರೆ ಶಾಸ್ತ್ರಸಂಸ್ಕಾರವಿಲ್ಲದ ಬರಿಯ ಅನುಭವ, ಆಕೆಯ ಮಗನೇ ಶಾಸ್ತ್ರ ಎಂದನು. ಯಾವ ನ್ಯಾಯಾಧೀಶನೂ ಬೆರಳಿಡದಂತೆ ಕಥೆಯ ಬಾಗಿಲುಗಳಿಗೆಲ್ಲ ಅಗುಳಿ ಹಾಕಿದ ಹಾಗೆ ಈ ಟಿಪ್ಪಣಿಗಳು ನನಗೆ ಕಾಣುತ್ತವೆ. ಆದರೆ ಕಥೆ ಹೇಳುವುದು ಇದಕ್ಕಿಂತ ಹೆಚ್ಚಿನದು. ಅಲ್ಲಿ ಟೈಕೊವಿನ ಶಾಸ್ತ್ರವನ್ನೆಲ್ಲ ಕಲಿತು ಬಂದ ಮಗನಿಗೂ ಚಂದ್ರಲೋಕದ ವಾಣಿಯನ್ನು ಕೇಳಿಸಬಲ್ಲವಳು ತಾಯಿಯೊಬ್ಬಳೇ.

ಪುಸ್ತಕವನ್ನು ಅಚ್ಚಿನಲ್ಲಿ ಕಾಣುವ ಭಾಗ್ಯ ಆತನಿಗಿರಲಿಲ್ಲ. ಸಾಗಾನ್ ಪಟ್ಟಣದಲ್ಲಿ ಮುದ್ರಣ ಆರಂಭವಾಗಿದ್ದಾಗಲೇ, ಬರಬೇಕಾದ ಬಾಕಿ ಹಣಕ್ಕಾಗಿ ಅಲೆಯುತ್ತ ರೇಗೆನ್ಸ್‌ಬರ್ಗಿಗೆ ಹೋದವನು 1630ರ ನವೆಂಬರ್ 15ರಂದು ಜ್ವರದಿಂದ ಅಲ್ಲಿಯೇ ತೀರಿಕೊಂಡನು. ಕೆಲಸವನ್ನು ಕೈಗೆತ್ತಿಕೊಂಡ ಅಳಿಯ ಬಾರ್ಚ್ 1633ರಲ್ಲಿ ಗತಿಸಿದನು. ಕೊನೆಗೆ 1634ರಲ್ಲಿ ಮಗ ಲುಡ್‌ವಿಗ್ ಅದನ್ನು ಹೊರತಂದನು. ಮನೆಯವರಿಗೆ ಆಗ ಹಣದ ತೀವ್ರ ಅಡಚಣೆಯಿತ್ತು. ಮೂವತ್ತು ವರ್ಷಗಳ ಯುದ್ಧದಲ್ಲಿ ಕೆಪ್ಲರನ ಸಮಾಧಿ ಗುರುತಿಲ್ಲದಂತೆ ಅಳಿಯಿತು. ಅವನ ಕಥೆ ಮಾತ್ರ ಉಳಿದಿದೆ. ಐಸ್‌ಲೆಂಡಿನ ಆ ಮೂಲಿಕೆಯವಳು ಅದರಲ್ಲಿ ಇಂದಿಗೂ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಸುಕೆಳೆದು, ಚಂದ್ರನ ವಾಣಿಗಾಗಿ ಕಾಯುತ್ತಿದ್ದಾಳೆ. ಅವಳ ಮೇಲೆ ಆರೋಪ ಹೊರಿಸುವವರು ಈಗ ಯಾರೂ ಇಲ್ಲ.