ಗಿಟಾರ್ ನುಡಿಸಲು ಬಾರದ ಗಿಟಾರ್ ತಜ್ಞ – ಲಿಯೋ ಫೆಂಡರ್

ಎಲೆಕ್ಟ್ರಿಕ್ ಗಿಟಾರನ್ನು ನೀವು ದೂರದರ್ಶನದಲ್ಲೋ ಊರ ಹಬ್ಬದ ಆರ್ಕೆಸ್ಟ್ರಾದಲ್ಲೋ ನೋಡಿರಬಹುದು. ಮುಂದಿನ ಸಲ ನೋಡಿದಾಗ ಅದರ ತುದಿಯನ್ನು ಗಮನಿಸಿ. ತಂತಿಗಳನ್ನು ಬಿಗಿ ಮಾಡುವ ಬಿರಡೆಗಳು ಅಲ್ಲಿರುತ್ತವೆ. ಕೆಲವು ಗಿಟಾರುಗಳಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು. ಇನ್ನು ಕೆಲವದರಲ್ಲಿ ಆರೂ ಬಿರಡೆಗಳು ಒಂದೇ ಕಡೆ ಸಾಲಾಗಿ ನಿಂತಿರುತ್ತವೆ. ಹೀಗೆ ಸಾಲಾಗಿ ನಿಲ್ಲಿಸಿರುವುದು ಬರೀ ಅಂದಕ್ಕಾಗಿ ಅಲ್ಲ. ಅದರ ಹಿಂದೆ ಘರ್ಷಣೆಯ ಪಾಠವೊಂದಿದೆ. ಆ ವಿನ್ಯಾಸವನ್ನು ಲೋಕಕ್ಕೆಲ್ಲ ಪರಿಚಯಿಸಿದವನು ಅಮೆರಿಕದ ಲಿಯೋ ಫೆಂಡರ್. ವಿಚಿತ್ರವೆಂದರೆ ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಶ್ರುತಿ ಮಾಡಲೂ ಬರುತ್ತಿರಲಿಲ್ಲ.

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದ ಆನಹೈಮ್ ಊರಿನ ಬಳಿ. ತಂದೆತಾಯಿ ಕಿತ್ತಳೆ ತೋಟದ ರೈತರು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದು ಬೆಳೆದು ಹುಡುಗನ ಎಡಗಣ್ಣನ್ನೇ ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಗಾಜಿನ ಕಣ್ಣು. ಆದರೆ ಉಳಿದ ಒಂದು ಕಣ್ಣೇ ಸಣ್ಣ ಸಣ್ಣ ಬಿಡಿಭಾಗಗಳನ್ನು ಜೀವನವಿಡೀ ನೋಡಿತು. ಬಾಲ್ಯದಲ್ಲಿ ಪಿಯಾನೋ ಮತ್ತು ಸ್ಯಾಕ್ಸೋಫೋನ್ ಸ್ವಲ್ಪ ಕಲಿತನಾದರೂ ಮನಸ್ಸು ಹರಿದದ್ದು ರೇಡಿಯೋ ಕಡೆಗೆ. ಬಿಚ್ಚುವುದು, ಜೋಡಿಸುವುದು, ಕೆಟ್ಟದ್ದನ್ನು ಸರಿ ಮಾಡುವುದು – ಇದೇ ಅವನ ಆಟ.

ಕಾಲೇಜಿನಲ್ಲಿ ಓದಿದ್ದು ಮಾತ್ರ ಲೆಕ್ಕಪತ್ರ. ಮಂಜುಗಡ್ಡೆ ಕಂಪನಿಯಲ್ಲಿ, ಆಮೇಲೆ ಹೆದ್ದಾರಿ ಇಲಾಖೆಯಲ್ಲಿ ಕೆಲಸ ಮಾಡಿದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್‌ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಮುಂದೆ ವ್ಯಾಪಾರದ ಕಷ್ಟದ ದಿನಗಳಲ್ಲಿ ಮನೆ ನಡೆದದ್ದು ಬಹುಮಟ್ಟಿಗೆ ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತಿದ್ದ ಹೆಂಡತಿ ಎಸ್ತರ್ ಸಂಬಳದಿಂದ. ದೊಡ್ಡವರ ಜೀವನಚರಿತ್ರೆಗಳಲ್ಲಿ ಇಂಥ ಸಂಬಳಗಳ ಹೆಸರು ಬರುವುದು ಕಡಿಮೆ.

ಅಂಗಡಿಗೆ ರೇಡಿಯೋಗಳ ಜೊತೆಗೆ ಧ್ವನಿವರ್ಧಕಗಳು, ಗಿಟಾರುಗಳು ಬರತೊಡಗಿದವು. ಲಿಯೋ ವಾದ್ಯವನ್ನು ಸಂಗೀತಗಾರನಂತೆ ನೋಡಲಿಲ್ಲ, ಮೆಕ್ಯಾನಿಕ್‌ನಂತೆ ನೋಡಿದ. ಎಲ್ಲಿ ಸವೆಯುತ್ತದೆ? ಯಾವ ಭಾಗ ಬಿಚ್ಚಲು ಬರುವುದಿಲ್ಲ? ಬಿದ್ದರೆ ಎಲ್ಲಿ ಮುರಿಯುತ್ತದೆ? 1945ರಲ್ಲಿ ಗೆಳೆಯ ಡಾಕ್ ಕಾಫ್‌ಮನ್ ಜೊತೆ ಸೇರಿ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರುಗಳನ್ನು ತಯಾರಿಸಿದ. ಮರುವರ್ಷ ಗೆಳೆಯ ಹಿಂದೆ ಸರಿದಾಗ ತನ್ನದೇ ಹೆಸರಿನ ಕಂಪನಿಯನ್ನು ಮುಂದುವರಿಸಿದ.

ಇಲ್ಲಿ ಸ್ವಲ್ಪ ನಿಂತು ಗಿಟಾರನ್ನೇ ನೋಡೋಣ. ಒಂದು ತುದಿಯಲ್ಲಿ ಕುದುರೆ, ಅದರ ಮೇಲೆ ತಂತಿ ಕುಳಿತಿರುತ್ತದೆ. ಇನ್ನೊಂದು ತುದಿಯಲ್ಲಿ, ಕತ್ತು ಮುಗಿದು ತಲೆ ಶುರುವಾಗುವಲ್ಲಿ, ಮೂಳೆಯ ಸಣ್ಣ ಪಟ್ಟಿ. ಅದರಲ್ಲಿ ಆರು ಗೀರುಗಳು. ಒಂದೊಂದು ಗೀರಿನಲ್ಲಿ ಒಂದೊಂದು ತಂತಿ. ಈ ಪಟ್ಟಿಗೆ ನಟ್ ಎನ್ನುತ್ತಾರೆ. ಬೋಲ್ಟಿಗೆ ಹಾಕುವ ನಟ್ ಬೇರೆ, ಇದು ಬೇರೆ. ವೀಣೆಯಲ್ಲಿ ಮೇರು ಮಾಡುವ ಕೆಲಸವನ್ನು ಗಿಟಾರಿನಲ್ಲಿ ನಟ್ ಮಾಡುತ್ತದೆ. ನಟ್ ದಾಟಿದ ತಂತಿ ತಲೆಯ ಮೇಲಿನ ಬಿರಡೆಗೆ ಸುತ್ತಿಕೊಳ್ಳುತ್ತದೆ.

ತಂತಿಯ ಬಿಗಿತ ಹೆಚ್ಚಿದರೆ ಸ್ವರ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಬಿಗಿತ ನೂರಕ್ಕೆ ಒಂದು ಭಾಗ ತಗ್ಗಿದರೂ ಕಂಪನದ ಆವೃತ್ತಿ ನೂರಕ್ಕೆ ಅರ್ಧ ಭಾಗ ತಗ್ಗುತ್ತದೆ. ಪಳಗಿದ ಕಿವಿಗೆ ಅಷ್ಟು ಸಾಕು, ಅಪಸ್ವರ ತಿಳಿದುಬಿಡುತ್ತದೆ. ಆದ್ದರಿಂದ ನಟ್‌ನ ಎರಡೂ ಕಡೆ ತಂತಿಯ ಬಿಗಿತ ಒಂದೇ ಇರಬೇಕು. ಅದಕ್ಕೆ ತಂತಿ ಗೀರಿನಲ್ಲಿ ಸಲೀಸಾಗಿ ಜಾರಬೇಕು. ಅದನ್ನು ತಡೆಯುವುದೇ ಘರ್ಷಣೆ.

ಇದನ್ನು ತರಗತಿಯಲ್ಲೇ ನೋಡಬಹುದು. ಮುಚ್ಚಳ ತೆಗೆದ ಒಂದು ಡಬ್ಬಿಗೆ ಉದ್ದುದ್ದವಾಗಿ ರಬ್ಬರ್ ಬ್ಯಾಂಡ್ ಹಾಕಿ. ಡಬ್ಬಿಯ ಬಾಯಿಯ ಮೇಲೆ, ಎರಡು ತುದಿಗಳ ಬಳಿ, ರಬ್ಬರಿನ ಕೆಳಗೆ ಒಂದೊಂದು ಪೆನ್ಸಿಲ್ ಅಡ್ಡ ಇಡಿ. ಮಧ್ಯದಲ್ಲಿ ಮೀಟಿ ಸ್ವರ ಕೇಳಿ. ಈಗ ಡಬ್ಬಿಯ ಪಕ್ಕದಲ್ಲಿರುವ ರಬ್ಬರನ್ನು ಬೆರಳಿನಿಂದ ಕೆಳಕ್ಕೆ ಎಳೆದು ಬಿಟ್ಟು, ಮತ್ತೆ ಮೀಟಿ. ಹಲವು ಸಲ ಸ್ವರ ಬದಲಾಗಿರುತ್ತದೆ. ರಬ್ಬರು ಪೆನ್ಸಿಲ್ ಮೇಲೆ ಸಿಕ್ಕಿಕೊಂಡಿದೆ, ಪೂರ್ತಿ ವಾಪಸು ಜಾರಿಲ್ಲ. ಪೆನ್ಸಿಲ್ ಇರುವಲ್ಲಿ ರಬ್ಬರನ್ನು ಕೊಂಚ ಎತ್ತಿ ಬಿಟ್ಟರೆ ಎರಡೂ ಕಡೆಯ ಬಿಗಿತ ಸಮನಾಗಿ ಹಳೆಯ ಸ್ವರದ ಹತ್ತಿರಕ್ಕೆ ಬರುತ್ತದೆ. (ರಬ್ಬರು ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಿ.)

ಆಗಿನ ಹೆಚ್ಚಿನ ಗಿಟಾರುಗಳಲ್ಲಿ ತಲೆ ಹಿಂದಕ್ಕೆ ಬಾಗಿರುತ್ತಿತ್ತು. ಗಿಬ್ಸನ್ ಕಂಪನಿಯ ಗಿಟಾರುಗಳಲ್ಲಿ ಈ ಬಾಗು 17 ಡಿಗ್ರಿ. ಗಿಟಾರಿನ ಒಂದು ತಂತಿಯಲ್ಲಿ ಸುಮಾರು 7 ಕಿಲೋಗ್ರಾಂ ತೂಕದಷ್ಟು ಬಿಗಿತವಿರುತ್ತದೆ. ಅದು 17 ಡಿಗ್ರಿ ಬಾಗಿದರೆ ನಟ್ ಮೇಲೆ ಸುಮಾರು 2 ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುತ್ತದೆ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಸಾಲದ್ದಕ್ಕೆ ಬಿರಡೆಗಳು ಎರಡು ಪಕ್ಕಗಳಲ್ಲಿದ್ದುದರಿಂದ ತಂತಿಗಳು ನಟ್ ದಾಟಿದೊಡನೆ ಪಕ್ಕಕ್ಕೂ ತಿರುಗಿ ಗೀರಿನ ಗೋಡೆಗೆ ಉಜ್ಜುತ್ತಿದ್ದವು. ಇನ್ನೊಂದು ತೊಂದರೆ ಮರದ್ದು. ಬಾಗಿದ ತಲೆಯಲ್ಲಿ ಮರದ ಎಳೆಗಳು ಉದ್ದಕ್ಕೂ ಹರಿಯದೆ ಬಾಗಿದಲ್ಲಿ ತುಂಡಾಗುತ್ತವೆ. ಗಿಟಾರ್ ಬಿದ್ದರೆ ಮುರಿಯುವುದು ಅಲ್ಲೇ.

ಲಿಯೋ 1950ರಲ್ಲಿ ಹೊರತಂದ ಗಟ್ಟಿಮರದ ಗಿಟಾರಿನಲ್ಲಿ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದದ್ದರಲ್ಲಿ, ತಲೆಯನ್ನು ಬಾಗಿಸಲಿಲ್ಲ. ಕತ್ತು, ತಲೆ ಎರಡೂ ಒಂದೇ ನೇರ ಮೇಪಲ್ ಹಲಗೆ. ತಲೆಯನ್ನು ಸ್ವಲ್ಪ ತೆಳುವಾಗಿಸಿ ಕೆಳಮಟ್ಟಕ್ಕೆ ತಂದ, ಅಷ್ಟೇ. ಆರು ಬಿರಡೆಗಳನ್ನೂ ಒಂದೇ ಸಾಲಿನಲ್ಲಿ ಓರೆಯಾಗಿ ಇಟ್ಟುದರಿಂದ ಪ್ರತಿ ತಂತಿಯೂ ನಟ್ ದಾಟಿ ನೇರವಾಗಿ ತನ್ನ ಬಿರಡೆಗೆ ಹೋಯಿತು. ಒಂದೇ ಕಡೆ ಬಿರಡೆ ಇಡುವುದು ಹೊಸದೇನಲ್ಲ. 19ನೇ ಶತಮಾನದ ಆರಂಭದಲ್ಲಿ ವಿಯೆನ್ನಾದ ಸ್ಟಾಫರ್, 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಪಾಲ್ ಬಿಗ್ಸ್‌ಬಿ ಹಾಗೆ ಮಾಡಿದ್ದರು. ಲಿಯೋ ಮಾಡಿದ್ದು ಅದನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವಂತೆ, ಕೆಟ್ಟರೆ ಸುಲಭವಾಗಿ ಸರಿಯಾಗುವಂತೆ ರೂಪಿಸಿದ್ದು. ಕತ್ತನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಕೂಡಿಸಿದ. ಹಾಳಾದರೆ ಬಿಚ್ಚಿ ಬೇರೆ ಕತ್ತು ಹಾಕಿದರಾಯಿತು!

ಹಾಗೆಂದು ಎಲ್ಲವೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಬಾಗು ಕಡಿಮೆಯಾದಾಗ ಘರ್ಷಣೆಯೇನೋ ತಗ್ಗಿತು, ಆದರೆ ದೂರದ ಬಿರಡೆಗಳಿಗೆ ಹೋಗುವ ಸಣ್ಣ ತಂತಿಗಳು ನಟ್ ಮೇಲೆ ಗಟ್ಟಿಯಾಗಿ ಕೂರಲಿಲ್ಲ. ಅವನ್ನು ಅದುಮಿ ಹಿಡಿಯಲು ತಲೆಯ ಮೇಲೆ ಒಂದು ಸಣ್ಣ ದುಂಡು ಬಿಲ್ಲೆ ಹಾಕಬೇಕಾಯಿತು. ಅಲ್ಲಿ ಹೊಸ ಘರ್ಷಣೆ ಹುಟ್ಟಿತು. ಮೊದಲ ಗಿಟಾರುಗಳ ಕತ್ತಿನೊಳಗೆ ಉಕ್ಕಿನ ಸರಳೂ ಇರಲಿಲ್ಲ. ಮೇಪಲ್ ಗಟ್ಟಿ ಮರ, ಸರಳು ಬೇಡ ಎಂಬುದು ಲಿಯೋನ ನಂಬಿಕೆ. ಕತ್ತುಗಳು ಬಾಗಿದವು. ಮಾರಾಟ ನೋಡಿಕೊಳ್ಳುತ್ತಿದ್ದ ಡಾನ್ ರಾಂಡಲ್ ಒತ್ತಾಯಿಸಿದ ಮೇಲೆ ಆ ವರ್ಷದ ಕೊನೆಗೆ ಸರಳು ಬಂತು. ತನ್ನ ತಪ್ಪನ್ನು ಗಿರಾಕಿಯ ಗಿಟಾರು ತೋರಿಸಿಕೊಟ್ಟಾಗ ಅವನು ಒಪ್ಪಿಕೊಳ್ಳುತ್ತಿದ್ದ, ಸ್ವಲ್ಪ ತಡವಾಗಿಯಾದರೂ.

1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ನೇರ ತಂತಿಯ ನಿಜವಾದ ಪರೀಕ್ಷೆ ನಡೆಯಿತು. ಇದರ ಕುದುರೆಗೆ ಒಂದು ಹಿಡಿಕೆ. ಅದನ್ನು ಒತ್ತಿದರೆ ಆರೂ ತಂತಿಗಳು ಸಡಿಲವಾಗಿ ಸ್ವರ ಕೆಳಗಿಳಿಯುತ್ತದೆ, ಬಿಟ್ಟರೆ ಹಿಂಬದಿಯ ಸ್ಪ್ರಿಂಗುಗಳು ಮತ್ತೆ ಎಳೆಯುತ್ತವೆ. ಮೊದಲು ಮಾಡಿದ ಯಂತ್ರದಲ್ಲಿ ನಾದ ಬೇಗ ಸಾಯುತ್ತಿತ್ತು. ಅದಕ್ಕೆಂದು ಮಾಡಿಸಿದ್ದ ಅಚ್ಚುಗಳನ್ನೆಲ್ಲ ಬದಿಗೊತ್ತಿ ಲಿಯೋ ಹೊಸದಾಗಿ ಶುರು ಮಾಡಿದ. ಅವನಿಗೆ ನುಡಿಸಲು ಬಾರದ್ದರಿಂದ ಫ್ರೆಡ್ಡಿ ಟವಾರೆಸ್, ಬಿಲ್ ಕಾರ್ಸನ್ ಮೊದಲಾದ ವಾದಕರು ನುಡಿಸಿ ನೋಡಿ ದೂರು ಹೇಳುತ್ತಿದ್ದರು, ಅವನು ತಿದ್ದುತ್ತಿದ್ದ.

ಹಿಡಿಕೆ ಒತ್ತಿದಾಗ ತಂತಿ ನಟ್‌ನ ಗೀರಿನಲ್ಲಿ ಕೂದಲೆಳೆಯಷ್ಟು ಜಾರುತ್ತದೆ. ಬಿಟ್ಟಾಗ ಮೊದಲಿದ್ದ ಜಾಗಕ್ಕೇ ಬರಬೇಕು. ಬಾರದಿದ್ದರೆ? ಇಲ್ಲಿ ರೋಗ ಪತ್ತೆಯ ಒಂದು ಸೊಗಸಾದ ಉಪಾಯವಿದೆ. ಹಿಡಿಕೆ ಒತ್ತಿ ಬಿಟ್ಟ ಮೇಲೆ ಸ್ವರ ಏರಿ ನಿಂತು, ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಬಿಟ್ಟ ಮೇಲೆ ಸ್ವರ ಇಳಿದು ನಿಂತರೆ, ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದೇ ಅರ್ಥ. ಒತ್ತಿದಾಗ ಬಿರಡೆಯ ಕಡೆ ಜಾರಿದ ತಂತಿ ವಾಪಸಾಗಿಲ್ಲ, ಎಳೆದಾಗ ಇತ್ತ ಜಾರಿದ್ದು ಅತ್ತ ಹೋಗಿಲ್ಲ. ಏನು ಮಾಡಿದರೂ ಸ್ವರ ಇಳಿಯುತ್ತಲೇ ಹೋದರೆ ಬಿರಡೆಯ ಮೇಲಿನ ಸುತ್ತು ಸಡಿಲವಿರಬೇಕು. ಬಿರಡೆ ತಿರುಗಿಸುವಾಗ ಟಿಣ್ ಎಂದು ಸದ್ದಾಗಿ ಸ್ವರ ಹಾರಿದರೂ ತಪ್ಪು ಗೀರಿನದೇ.

ತರಬೇತಿ ಶಿಬಿರವೊಂದರಲ್ಲಿ ನಾನೇ ಒಂದು ಹಳೆಯ ಗಿಟಾರಿಗೆ ಎರಡು ಸಲ ಹೊಸ ತಂತಿ ಹಾಕಿಸಿ ಹಣ ಕಳೆದಿದ್ದೆ. ಕೊನೆಗೆ ಗುಣವಾದದ್ದು ಪೆನ್ಸಿಲ್ ಪುಡಿಯಿಂದ. ಪೆನ್ಸಿಲ್ಲಿನ ಸೀಸ ಎಂದು ನಾವು ಕರೆಯುವುದು ಸೀಸವಲ್ಲ, ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಗ್ರಾಫೈಟಿನ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಗೀರಿನಲ್ಲಿ ಪೆನ್ಸಿಲ್ ಮೊನೆ ಉಜ್ಜಿದರೆ ಅದೇ ಎಣ್ಣೆ. ಗೀರು ತಂತಿಗಿಂತ ಇಕ್ಕಟ್ಟಾಗಿದ್ದರೆ ಮಾತ್ರ ಸಣ್ಣ ಅರದಿಂದ ಹುಷಾರಾಗಿ ಉಜ್ಜಬೇಕು. ಹೆಚ್ಚು ಉಜ್ಜಿ ಗೀರು ಆಳವಾದರೆ ತಂತಿ ಮೊದಲ ಮೆಟ್ಟಿಲಿಗೆ ತಗುಲಿ ಝರ್ ಎನ್ನುತ್ತದೆ. ಆ ಸದ್ದು ಬೆರಳಿಡದೆ ಮೀಟಿದಾಗ ಮಾತ್ರ ಬರುತ್ತದೆ, ಮೆಟ್ಟಿಲ ಮೇಲೆ ಬೆರಳಿಟ್ಟರೆ ಮಾಯವಾಗುತ್ತದೆ. ಗೀರು ತೀರ ಎತ್ತರವಿದ್ದರೆ ಬೇರೆ ಗೋಳು: ಮೊದಲ ಮೆಟ್ಟಿಲಲ್ಲಿ ತಂತಿಯನ್ನು ಅದುಮಲು ಬಹಳ ದೂರ ಒತ್ತಬೇಕಾಗಿ, ಬಿಗಿತ ಹೆಚ್ಚಿ, ಸ್ವರ ಏರಿಬಿಡುತ್ತದೆ.

1955ರಲ್ಲಿ ಲಿಯೋಗೆ ಸೈನಸ್ ಸೋಂಕು ತಗುಲಿತು. ಹತ್ತು ವರ್ಷ ಔಷಧಿ ನಾಟಲಿಲ್ಲ. ಇನ್ನು ಬಹಳ ದಿನ ಬದುಕುವುದಿಲ್ಲ ಎಂದುಕೊಂಡು 1965ರ ಜನವರಿಯಲ್ಲಿ ತನ್ನ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 130 ಲಕ್ಷ ಡಾಲರಿಗೆ ಮಾರಿಬಿಟ್ಟ. ಆಮೇಲೆ ವೈದ್ಯರನ್ನು ಬದಲಿಸಿದಾಗ ಕಾಯಿಲೆ ವಾಸಿಯಾಯಿತು! ಕಂಪನಿ, ಅದರ ಜೊತೆಗೆ ತನ್ನ ಹೆಸರು, ಬೇರೆಯವರ ಪಾಲಾಗಿತ್ತು. ಅವನು ಮತ್ತೆ ಕಾರ್ಯಾಗಾರ ಹಾಕಿದ. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಗಾಗಿ ದುಡಿದ. 1980ರ ಸುಮಾರಿಗೆ ಹಳೆಯ ಜೊತೆಗಾರ ಜಾರ್ಜ್ ಫುಲ್ಲರ್‌ಟನ್ ಜೊತೆ ಸೇರಿ ಜಿ ಅಂಡ್ ಎಲ್ ಎಂಬ ಕಂಪನಿ ಕಟ್ಟಿದ. ಹಳೆಯ ಗಿಟಾರಿನಲ್ಲಿ ಸರಿಯಿಲ್ಲ ಎನಿಸಿದ್ದನ್ನೆಲ್ಲ ಅಲ್ಲಿ ಒಂದೊಂದಾಗಿ ತಿದ್ದುತ್ತಾ ಕುಳಿತ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗಿಸುವ ಕಾಯಿಲೆ ಅದು. ಆದರೂ ಕೆಲಸಕ್ಕೆ ಬರುವುದನ್ನು ಅವನು ಬಿಡಲಿಲ್ಲ. 1991ರ ಮಾರ್ಚ್ 20ರಂದೂ ಕಾರ್ಯಾಗಾರದಲ್ಲಿ ಕುಳಿತು ಕೆಲಸ ಮಾಡಿದ. ಮರುದಿನ ಫುಲ್ಲರ್‌ಟನ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 81 ವರ್ಷ.