ಮೂಕಜ್ಜಿಯ ಕೈಯಲ್ಲಿ ಕಾಲ: ದೆವ್ವವನ್ನು ನಂಬದ ಕಾರಂತರು

ನಗರದ ಯಾವುದೇ ದೊಡ್ಡ ಪುಸ್ತಕದಂಗಡಿಗೆ ಹೋದರೂ ಹದಿಹರೆಯದವರಿಗೆಂದೇ ಮೀಸಲಾದ ಕಪಾಟೊಂದು ಕಣ್ಣಿಗೆ ಬೀಳುತ್ತದೆ. ರಕ್ತ ಹೀರುವ ಪಿಶಾಚಿಯನ್ನು ಪ್ರೀತಿಸುವ ಹುಡುಗಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇನ್ನೊಂದು ಶತಮಾನಕ್ಕೆ ಜಾರಿ ಅಲ್ಲಿ ಪ್ರಿಯಕರನನ್ನು ಕಾಣುವವಳು, ಸತ್ತ ಗೆಳೆಯನ ದನಿಯನ್ನು ಕೇಳಬಲ್ಲವಳು. 2005ರಲ್ಲಿ ಅಮೆರಿಕದಲ್ಲಿ 'ಟ್ವೈಲೈಟ್' ಪ್ರಕಟವಾದ ಮೇಲಂತೂ ಈ ಬಗೆಯ ಇಂಗ್ಲಿಷ್ ಕಾದಂಬರಿಗಳಿಗೆ ಲೆಕ್ಕವೇ ಇಲ್ಲದಂತಾಯಿತು. ಕನ್ನಡದಲ್ಲಿ ಅಂತಹ ಕಪಾಟು ತುಂಬಲಿಲ್ಲ. ಆದರೆ ಯಂತ್ರವಿಲ್ಲದೆ, ಮಂತ್ರವಿಲ್ಲದೆ, ಬರಿಯ ಸ್ಪರ್ಶದಿಂದಲೇ ಸಾವಿರಾರು ವರ್ಷ ಹಿಂದಕ್ಕೆ ಹೋಗಿಬರುವ ಪಾತ್ರವೊಂದು ಕನ್ನಡಕ್ಕೆ 1968ರಲ್ಲಿಯೇ ದಕ್ಕಿತ್ತು. ಆಕೆ ಹುಡುಗಿಯಲ್ಲ, ಎಂಬತ್ತರ ಅಂಚಿನ ಮುದುಕಿ. ಆಕೆಯನ್ನು ಸೃಷ್ಟಿಸಿದವರು ದೆವ್ವವನ್ನಾಗಲಿ ದೇವರನ್ನಾಗಲಿ ನಂಬದ ಕೋಟ ಶಿವರಾಮ ಕಾರಂತರು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಅಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕೋಟದಲ್ಲಿ. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ನಡುವೆ ನಾಗಬನ, ಭೂತಸ್ಥಾನ, ರಾತ್ರಿಯಿಡೀ ನಡೆಯುವ ಯಕ್ಷಗಾನ. ಸತ್ತವರು ಭೂತವಾಗಿ ಬಂದು ನ್ಯಾಯ ಹೇಳುತ್ತಾರೆಂದು ಜನ ನಂಬಿದ್ದ ನೆಲವದು. ಅತೀಂದ್ರಿಯವೆಂಬುದು ಅಲ್ಲಿನ ಮಕ್ಕಳಿಗೆ ಪುಸ್ತಕದಲ್ಲಿ ಓದಬೇಕಾದ ಸಂಗತಿಯಾಗಿರಲಿಲ್ಲ, ಮನೆಯ ಹಿತ್ತಲಿನಲ್ಲಿಯೇ ಇತ್ತು. ಅಂತಹ ಪರಿಸರದಲ್ಲಿ ಬೆಳೆದ ಹುಡುಗ ಮುಂದೆ ಕಡು ವಿಚಾರವಾದಿಯಾದ ಬಗೆ ಸರಳವಾದುದಲ್ಲ.

ಗಾಂಧೀಜಿಯವರ ಅಸಹಕಾರ ಚಳವಳಿಯ ಸೆಳೆತಕ್ಕೆ ಸಿಕ್ಕಿ ಅವರು ಮಂಗಳೂರಿನ ಕಾಲೇಜನ್ನು ತೊರೆದರು. ಹಲವು ವರ್ಷ ಖಾದಿ, ಸ್ವದೇಶಿಯೆಂದು ಊರೂರು ಅಲೆದರು. ಅದೇ ಹರೆಯದಲ್ಲಿ ಅಧ್ಯಾತ್ಮದ ಹಂಬಲವೂ ಅವರನ್ನು ಕೆಲಕಾಲ ಕಾಡಿತು. ಹುಡುಕಿ ನೋಡಿದರು, ಸಿಕ್ಕಿತೆನ್ನಿಸಲಿಲ್ಲ, ಬಿಟ್ಟರು. ಕಾಣದ್ದನ್ನು ಕಂಡೆನೆಂದು ಹೇಳುವುದು ಅವರ ಜಾಯಮಾನಕ್ಕೆ ಒಗ್ಗುವಂತಹುದಲ್ಲ. ಅಂದಿನಿಂದ ಕೊನೆಯವರೆಗೆ, ತಿಳಿಯದ ವಿಷಯದಲ್ಲಿ ತಿಳಿಯದೆಂದೇ ನಿಲ್ಲುವ ಹಟ ಅವರದಾಯಿತು. 1948ರಲ್ಲಿ ಹೊರಬಂದ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟವರು ತಮ್ಮ ಹುಡುಕಾಟಗಳನ್ನು ಮುಚ್ಚಿಡಲಿಲ್ಲ.

'ವಸಂತ' ಮಾಸಪತ್ರಿಕೆ ನಡೆಸುತ್ತಿದ್ದ ದಿನಗಳಲ್ಲಿ ಅವರ ಬರವಣಿಗೆ ಆರಂಭವಾಯಿತು. 'ವಿಚಿತ್ರಕೂಟ' ಅವರ ಮೊದಲ ಕಾದಂಬರಿಗಳಲ್ಲೊಂದು. ಬಳಿಕ 'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ' ಬಂದವು. ಇವುಗಳ ಪರಿಚಯ ಕನ್ನಡ ಓದುಗರಿಗೆ ಮತ್ತೆ ಬೇಕಿಲ್ಲ. ಅಷ್ಟಾಗಿ ಮಾತಿಗೆ ಬಾರದ 'ಸರಸಮ್ಮನ ಸಮಾಧಿ'ಯನ್ನು ಮಾತ್ರ ಇಲ್ಲಿ ನೆನೆಯಬೇಕು. ಸಹಗಮನ ಮಾಡಿದ ಹೆಣ್ಣೊಬ್ಬಳ ಸಮಾಧಿ ಅದು. ದಾಂಪತ್ಯದಲ್ಲಿ ಬೆಂದ ಹೆಂಗಸರು ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ಊರಿಗೆ ಅದು ಮಹಾಸತಿಯ ಪವಾಡದ ಜಾಗ. ಕಾರಂತರಿಗೆ ಅದು, ಹೇಳಿಕೊಳ್ಳಲು ಬೇರೆ ಕಿವಿಯಿಲ್ಲದೆ ಸತ್ತವಳ ಬಳಿಗೆ ಹೋಗುವ ಬದುಕಿರುವವರ ಕಥೆ. ಮೂವತ್ತು ವರ್ಷಗಳ ಅನಂತರ ಬರಲಿದ್ದ ಅಜ್ಜಿಯ ಹಾದಿ ಇಲ್ಲಿಂದಲೇ ಹೊರಟಿತೆಂದರೆ ತಪ್ಪಾಗದು.

ಪುತ್ತೂರು ಅವರ ಬಹುಕಾಲದ ಕರ್ಮಭೂಮಿ. ಅಲ್ಲಿನ ಬಾಲವನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹಾಡಿಸಿದರು, ಕುಣಿಸಿದರು, ನಾಟಕವಾಡಿಸಿದರು. 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಒಬ್ಬರೇ ಬರೆದು ಕೊಟ್ಟರು. ಭೂಮಿ ಹೇಗಾಯಿತು, ಪ್ರಾಣಿಗಳು ಹೇಗೆ ಬಂದವು, ಮನುಷ್ಯ ಗುಹೆಯಿಂದ ಹೇಗೆ ಹೊರಬಿದ್ದ ಎಂಬುದನ್ನೆಲ್ಲ ಎಳೆಯರಿಗೆ ಚಿತ್ರಸಹಿತ ತಿಳಿಸುವ ಸಾಹಸವದು. ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಬಂದದ್ದು ಆಮೇಲೆ. ಒಂದು ವಿಶ್ವವಿದ್ಯಾಲಯ ಹತ್ತಾರು ಪಂಡಿತರನ್ನಿಟ್ಟು ಮಾಡಿಸಬೇಕಾದ ಕೆಲಸ. ಪುತ್ತೂರಿನ ಗುಡ್ಡದ ಮೇಲೊಬ್ಬ ಮನುಷ್ಯ ಮಾಡಿ ಮುಗಿಸಿದ.

ಅದೇ 1936ರ ಮೇ ತಿಂಗಳಲ್ಲಿ ಲೀಲಾ ಆಳ್ವರೊಡನೆ ವಿವಾಹ. ಬ್ರಾಹ್ಮಣ ವರ, ಬಂಟ ವಧು. ಅಂದಿನ ಕರಾವಳಿಯಲ್ಲಿ ಇದು ಸಣ್ಣ ಸುದ್ದಿಯಾಗಿರಲಿಲ್ಲ. ಮೂಗು ಮುರಿದವರಿಗೆ ದಂಪತಿ ಬದುಕಿಯೇ ಉತ್ತರ ಕೊಟ್ಟರು. ನಾಲ್ವರು ಮಕ್ಕಳು. ಹಿರಿಯ ಮಗ ಹರ್ಷನ ಹೆಸರನ್ನು ಕಾರಂತರು ತಮ್ಮ ಮುದ್ರಣಾಲಯಕ್ಕೂ ಇಟ್ಟಿದ್ದರು.

1960ರಲ್ಲಿ 'ಅಳಿದ ಮೇಲೆ' ಪ್ರಕಟವಾಯಿತು. ಹೆಸರು ಕೇಳಿ ಪರಲೋಕದ ಕಥೆಯೆಂದು ಕೈಗೆತ್ತಿಕೊಂಡವರಿಗೆ ಅಲ್ಲಿ ಪ್ರೇತವೊಂದೂ ಸಿಗುವುದಿಲ್ಲ. ರೈಲಿನಲ್ಲಿ ಪರಿಚಯವಾದ ಯಶವಂತರಾಯನೆಂಬವನು ಸತ್ತ ಬಳಿಕ, ಅವನು ಬಿಟ್ಟುಹೋದ ಹಣ, ಋಣ, ಸಂಬಂಧಗಳ ಜಾಡು ಹಿಡಿದು ಹೋಗುವ ಕಥೆ ಅದು. ಸತ್ತವನು ಉಳಿಯುವುದು ಉಳಿದವರ ನೆನಪಿನಲ್ಲಿ ಮಾತ್ರ ಎಂಬುದು ಅದರ ಧಾಟಿ. ಮರುವರ್ಷವೇ, 1961ರಲ್ಲಿ, ಹರ್ಷ ತೀರಿಕೊಂಡರು. ತಾಯಿ ಲೀಲಾ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಮನಸ್ಸಿನ ಕಾಯಿಲೆ ಅವರನ್ನು ಬಹುಕಾಲ ಕಾಡಿತು. ಇತರರಿಗೆ ಕಾಣದ್ದು ಒಬ್ಬರಿಗೆ ಕಾಣುವುದೆಂದರೆ ಏನು ಎಂಬ ಪ್ರಶ್ನೆ ಕಾರಂತರಿಗೆ ಇನ್ನು ಮೇಲೆ ಕೇವಲ ತರ್ಕದ ಪ್ರಶ್ನೆಯಾಗಿ ಉಳಿದಿರಲಾರದು.

ಮನೆಯಲ್ಲಿ ಇಂತಹ ನೋವಿದ್ದ ಆ ವರ್ಷಗಳಲ್ಲಿಯೇ, ಅವರ ಅರವತ್ತಾರನೆಯ ವಯಸ್ಸಿನಲ್ಲಿ, 'ಮೂಕಜ್ಜಿಯ ಕನಸುಗಳು' ಬಂದಿತು. ಮೂಡೂರೆಂಬ ಹಳ್ಳಿ. ಅಲ್ಲಿ ಮೂಕಾಂಬಿಕೆಯೆಂಬ ಅಜ್ಜಿ. ಹತ್ತು ತುಂಬುವ ಹೊತ್ತಿಗೆ ವಿಧವೆಯಾದವಳು. ಗಂಡನೆಂಬುವನು ಹೇಗಿದ್ದನೆಂಬುದನ್ನೂ ಸರಿಯಾಗಿ ಅರಿಯದವಳು. ಬಹುವರ್ಷ ಮಾತೇ ಆಡದೆ ಇದ್ದುದರಿಂದ ಮೂಕಜ್ಜಿಯೆಂಬ ಹೆಸರು ಎರಡು ಬಗೆಯಲ್ಲಿ ಆಕೆಗೆ ಒಪ್ಪಿತು. ತನ್ನಷ್ಟಕ್ಕೆ ಏನೋ ಗೊಣಗುವ ಆಕೆಯನ್ನು ಊರವರು ಮರುಳೆಂದು ತಿಳಿದರು. ಮೊಮ್ಮಗ ಸುಬ್ಬರಾಯ ಮಾತ್ರ ಕಿವಿಗೊಟ್ಟ. ಊರ ಸುತ್ತಿನ ಗುಹೆಗಳಲ್ಲಿ ದೊರೆತ ಮೂಳೆಯ ತುಂಡು, ಯಾವುದೋ ಕಾಲದ ಹಳೆಯ ವಸ್ತು ತಂದು ಅಜ್ಜಿಯ ಕೈಯಲ್ಲಿಟ್ಟ. ಅಜ್ಜಿ ಅದನ್ನು ಹಿಡಿದೊಡನೆ ಗುಹೆಯಲ್ಲಿ ಬದುಕಿದ ಜನ, ಅವರ ಬೇಟೆ, ಬೆಂಕಿ, ಭಯ, ಅವರು ಕಟ್ಟಿಕೊಂಡ ದೇವರುಗಳು ಕಣ್ಣೆದುರು ನಡೆದಂತೆ ಹೇಳತೊಡಗುತ್ತಾಳೆ.

ವಸ್ತುವನ್ನು ಮುಟ್ಟಿ ಅದರ ಹಿಂದಿನ ಕಥೆ ಹೇಳುವ ಇಂತಹ ಶಕ್ತಿಗೆ ಅಮೆರಿಕದ ಜೋಸೆಫ್ ಬುಕಾನನ್ 1842ರಲ್ಲಿ ಸೈಕೋಮೆಟ್ರಿ ಎಂದು ಹೆಸರಿಟ್ಟಿದ್ದ. ವಿಜ್ಞಾನ ಅದನ್ನು ಒಪ್ಪಲಿಲ್ಲ. 1895ರಲ್ಲಿ ಎಚ್.ಜಿ. ವೆಲ್ಸ್ ಕಾಲಯಂತ್ರವನ್ನು ಕಲ್ಪಿಸಿದಾಗ ಅವನ ಪಯಣಿಗ ಹೋದದ್ದು ಮುಂದಕ್ಕೆ, ಲಕ್ಷಾಂತರ ವರ್ಷಗಳಾಚೆಗೆ. ಮೂಕಜ್ಜಿ ಹೋಗುವುದು ಹಿಂದಕ್ಕೆ. ಅಜ್ಜಿಯ ಶಕ್ತಿ ನಿಜವೋ ಭ್ರಮೆಯೋ ಎಂಬ ತೀರ್ಪನ್ನು ಕಾದಂಬರಿಯಲ್ಲಿ ಹುಡುಕುವುದು ವ್ಯರ್ಥ. ದೇವರುಗಳಿಗೂ ಹುಟ್ಟು, ಬೆಳವಣಿಗೆ, ಸಾವು ಇವೆಯೆಂಬುದನ್ನು ಪಂಡಿತನೊಬ್ಬ ಹೇಳಿದ್ದರೆ ಓದುಗ ಪುಟ ಮಗುಚುತ್ತಿದ್ದ; ಅಕ್ಷರ ಕಲಿಯದ ಮುದುಕಿ ಕನಸಿನಂತೆ ಹೇಳಿದಾಗ ಕುಳಿತು ಕೇಳುತ್ತಾನೆ. 'ಬಾಲಪ್ರಪಂಚ'ದಲ್ಲಿ ಮಕ್ಕಳಿಗೆ ಹೇಳಿದ ಪಾಠವನ್ನೇ ಕಾರಂತರು ಮೂವತ್ತೆರಡು ವರ್ಷಗಳ ಬಳಿಕ ಅಜ್ಜಿಯ ಬಾಯಲ್ಲಿ ಹೇಳಿಸಿದರೆನ್ನಬಹುದು. ಅಲ್ಲಲ್ಲಿ ಆ ಪಾಠದ ಭಾರ ಕಥೆಯನ್ನು ಜಗ್ಗುವುದೂ ಉಂಟು.

ಪಾಠಕ್ಕಿಂತ ಆಳಕ್ಕಿಳಿಯುವುದು ಪ್ರೇಮದ ವಿಷಯ. ಹದಿಹರೆಯದವರ ಇಂದಿನ ಕಾದಂಬರಿಗಳಲ್ಲಿ ಕಾಲವನ್ನು ದಾಟುವುದು ಪ್ರಿಯನನ್ನು ಸೇರುವುದಕ್ಕಾಗಿ. ಮೂಕಜ್ಜಿಗೆ ಸೇರಲು ಯಾರೂ ಇಲ್ಲ. ಎಲ್ಲ ಕಾಲಗಳ ಗಂಡು ಹೆಣ್ಣುಗಳ ಕೂಟವನ್ನು ಕಾಣಬಲ್ಲ ಆಕೆಗೆ ತನ್ನ ಪಾಲಿನದು ಮಾತ್ರ ಖಾಲಿ. ಇಂತಹವಳು ಕಾಮವನ್ನು ಹಳಿಯುತ್ತಾಳೆಂದು ಕಾಯುವ ಓದುಗನಿಗೆ ಆಶ್ಚರ್ಯ ಕಾದಿದೆ. ಸೃಷ್ಟಿಯ ಮೂಲವಾದುದು ಪಾಪವಾಗದೆಂಬುದೇ ಆಕೆಯ ನಿಲುವು; ಸಂಸಾರವನ್ನು ಬಿಟ್ಟೋಡುವ ಸನ್ಯಾಸದ ಮೇಲೆ ಆಕೆಗೆ ಗೌರವವಿಲ್ಲ. ಊರು ಕೆಟ್ಟವಳೆಂದು ತೀರ್ಮಾನಿಸಿದ ನಾಗಿಯ ಮೇಲೆ ಆಕೆಗೆ ಮರುಕವಿದೆ. ಬಾಲ್ಯದ ಗೆಳತಿ ತಿಪ್ಪಜ್ಜಿಯೊಡನೆ ಆಕೆ ಕಳೆಯುವ ಹೊತ್ತಿನ ಪುಟಗಳು ಕಾರಂತರು ಬರೆದ ಅತ್ಯಂತ ಮೃದುವಾದ ಪುಟಗಳ ಸಾಲಿಗೆ ಸೇರುತ್ತವೆ. ಮನೆಯಲ್ಲಿ ಈ ವಿಷಯಗಳ ಬಗ್ಗೆ ಬಾಯಿಬಿಡಲಾಗದ ಹುಡುಗ ಹುಡುಗಿಯರಿಗೆ ಅಜ್ಜಿಯೇ ಬಾಯಿಬಿಟ್ಟು ಹೇಳುವ ಪುಸ್ತಕ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಚಮತ್ಕಾರದ ಆಸೆಯಿಂದ ಒಳಹೊಕ್ಕವರು ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಸಮಾಜ ಮಾಡಿದ ಅನ್ಯಾಯದೆದುರು ಬಂದು ನಿಲ್ಲುತ್ತಾರೆ.

ಆ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕುವೆಂಪು, ಬೇಂದ್ರೆಯವರ ಬಳಿಕ ಕನ್ನಡಕ್ಕೆ ಬಂದ ಮೂರನೆಯ ಜ್ಞಾನಪೀಠವದು. ಕಾದಂಬರಿ ಪ್ರಕಟವಾದ ವರ್ಷವೇ ದೊರೆತಿದ್ದ ಪದ್ಮಭೂಷಣವನ್ನು ಕಾರಂತರು ಅಷ್ಟರಲ್ಲಾಗಲೇ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ, ಹಿಂದಿರುಗಿಸಿದ್ದರು. 1986ರಲ್ಲಿ ಲೀಲಾ ತೀರಿಕೊಂಡರು. 1989ರಲ್ಲಿ, ಎಂಬತ್ತೇಳರ ಹರೆಯದಲ್ಲಿ, ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ ಲೋಕಸಭೆ ಚುನಾವಣೆಗೆ ನಿಂತು ಸೋತರು. ಅದರ ಮೇಲೂ ಬರೆಯುವುದು, ಪ್ರಯಾಣ, ಯಕ್ಷಗಾನ ಬಿಡಲಿಲ್ಲ. 1997ರ ಡಿಸೆಂಬರ್ 9ರಂದು ಅವರು ನಿಧನರಾದಾಗ ನಲವತ್ತೇಳು ಕಾದಂಬರಿಗಳೂ ಸೇರಿ ನಾನೂರಕ್ಕೂ ಮಿಕ್ಕ ಪುಸ್ತಕಗಳು ಅವರ ಹೆಸರಿನಲ್ಲಿದ್ದವು.

ಮೂಕಜ್ಜಿಯನ್ನು ತೆರೆಗೆ ತರಲು ಅರ್ಧ ಶತಮಾನವೇ ಬೇಕಾಯಿತು. ಕಥೆಯ ಹಂದರವೇ ಸಡಿಲವಾದ, ಎದ್ದು ಓಡಾಡದ ಅಜ್ಜಿಯೊಬ್ಬಳ ಮಾತಿನ ಮೇಲೆ ನಿಂತ ಕಾದಂಬರಿಯನ್ನು ಸಿನಿಮಾ ಮಾಡುವ ಧೈರ್ಯ ಸುಲಭದ್ದಲ್ಲ. 2019ರಲ್ಲಿ ಪಿ. ಶೇಷಾದ್ರಿ ನಿರ್ದೇಶಿಸಿದ ಚಿತ್ರದಲ್ಲಿ ಮೂಕಜ್ಜಿಯಾದವರು ಬಿ. ಜಯಶ್ರೀ, ಗುಬ್ಬಿ ವೀರಣ್ಣನವರ ಮೊಮ್ಮಗಳು. ಕರಾವಳಿಯ ಅಜ್ಜಿಗೆ ದೇಹ ಕೊಟ್ಟದ್ದು ತುಮಕೂರು ಸೀಮೆಯ ರಂಗಮನೆತನ.

ಆ ಗುಬ್ಬಿಯ ತಾಲ್ಲೂಕಿನಲ್ಲಿಯೇ ಬಿದರೆಹಳ್ಳ ಕಾವಲ್ ಇದೆ. 2023ರ ಫೆಬ್ರವರಿ 6ರಂದು ಅಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. 615 ಎಕರೆಯ ವಿಸ್ತಾರ. ಕಾವಲ್ ಎಂದರೆ ದನ ಮೇಯಲು ಕಾದಿರಿಸಿದ ಹುಲ್ಲುಗಾವಲು. ಅಲ್ಲಿನ ಮಣ್ಣಿನ ಹೆಂಟೆಯೊಂದನ್ನು ಸುಬ್ಬರಾಯ ತಂದು ಕೈಯಲ್ಲಿಟ್ಟಿದ್ದರೆ, ರೋಟರಿನ ಸದ್ದಿನ ಕೆಳಗೆ ಅಜ್ಜಿಗೆ ಮೊದಲು ಕೇಳಿಸುತ್ತಿದ್ದುದು ಗೊರಸಿನ ಸದ್ದು.